ಕೊಡಗಿನಲ್ಲಿ ಕೂತು ಹಲವು ಪತ್ರಿಕೆಗೆ ಒಂದೇ ಕಾಮಿಕ್ ಸ್ಟ್ರಿಪ್: ಸಿಂಡಿಕೇಟ್ ಕೆಲಸ ಹೇಗೆ ನಡೆಯುತ್ತೆ?

ಪೊನ್ನಂಪೇಟೆ ಪೆನ್ಸಿಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಒಬ್ಬ ಬರೆದ ಸ್ಟ್ರಿಪ್ ಒಂದೇ ದಿನ ನೂರಾರು ಪತ್ರಿಕೆಗಳಲ್ಲಿ ಬರುತ್ತಲ್ಲ, ಆ ಸಿಂಡಿಕೇಟ್ ವ್ಯವಸ್ಥೆ ಒಳಗಿಂದ ಹೇಗಿರುತ್ತೆ ಅಂತ ತಿಳಿದವರು ಹೇಳಬೇಕು. ನನ್ನ ಹತ್ತಿರ ಮೂರು ಚೌಕದ ಒಂದು ಸ್ಟ್ರಿಪ್ ಇದೆ. ಕಾಫಿ ತೋಟದ ರೈಟರ್ (ಆಳುಗಳ ಹಾಜರಿ ಬರೆಯೋನು), ಅವನ ಅತ್ತೆ, ಬೇಲಿ ಮುರಿದು ಬರುವ ಒಂದು ಆನೆ, ಇಷ್ಟೇ ಪಾತ್ರ. ಕೈಯಲ್ಲೇ ಬರೆಯೋದು, ಕನ್ನಡ ಅಕ್ಷರ ಕೂಡ ಕೈಬರಹ. ಒಂದೇ ಪತ್ರಿಕೆಗೆ ಕೊಟ್ಟರೆ ಶಾಯಿ ಖರ್ಚೂ ಹುಟ್ಟಲ್ಲ, ಹಾಗಾಗಿ ಹಲವು ಕಡೆ ಕೊಡೋ ಯೋಚನೆ.

ಎಷ್ಟು ಸ್ಟ್ರಿಪ್ ಮೊದಲೇ ತಯಾರಿರಬೇಕು? ಯಾವ ಅಳತೆ? ಒಂದೇ ಚಿತ್ರ ಎರಡು ಪತ್ರಿಕೆಗೆ ಕೊಟ್ಟರೆ ತಕರಾರು ಬರುತ್ತಾ? ಹಕ್ಕು ಯಾರದ್ದು? ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಆಗ ದಿನದ ಸ್ಟ್ರಿಪ್ ನಡೆಸೋಕೆ ಸಾಧ್ಯವೇ?

ಹಳೇ ಸ್ಟ್ರಿಪ್ ಓದುಗ:

ಮೊದಲು ಎರಡು ಕಸುಬನ್ನು ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಿನದೆಲ್ಲ ಗೋಜಲು. ಮೈಸೂರಿನ ಆರ್.ಕೆ. ಲಕ್ಷ್ಮಣ್ ‘ಕೊರವಂಜಿ’ ಹಾಸ್ಯ ಪತ್ರಿಕೆಗೆ ಚಿತ್ರ ಬರೆದವರು, 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿದರು, 1951ರಿಂದ ‘ಯು ಸೆಡ್ ಇಟ್’ ಬರೆದರು. ಅದು ಒಂದೇ ಪತ್ರಿಕೆಯ ಸಂಬಳದ ಕೆಲಸ: ಬೆಳಿಗ್ಗೆ ಸುದ್ದಿ, ಸಂಜೆ ಚಿತ್ರ, ಮರುದಿನ ಅಚ್ಚು. ಡೆಕ್ಕನ್ ಹೆರಾಲ್ಡ್‌ನಲ್ಲಿ ‘ಮಿಸ್ಟರ್ ಸಿಟಿಜನ್’ ಬರೆದ ಬಿ.ವಿ. ರಾಮಮೂರ್ತಿ ಅವರದ್ದೂ ಇದೇ ದಾರಿ. ಸಿಂಡಿಕೇಟ್ ಕಾರ್ಟೂನಿಸ್ಟನಿಗೆ ಇಂಥ ಪತ್ರಿಕೆಯೇ ಇಲ್ಲ. ಅವನು ಬರೆದು ಏಜೆನ್ಸಿಗೆ ಕೊಡುತ್ತಾನೆ. ಏಜೆನ್ಸಿ ತಿದ್ದುತ್ತೆ, ಪತ್ರಿಕೆಗಳಿಗೆ ಮಾರುತ್ತೆ, ಹಂಚುತ್ತೆ, ಹಣ ವಸೂಲು ಮಾಡುತ್ತೆ. ಬಂದದ್ದರಲ್ಲಿ ಸಾಮಾನ್ಯವಾಗಿ ಅರ್ಧ ಏಜೆನ್ಸಿಗೆ, ಅರ್ಧ ಬರೆದವನಿಗೆ. ತೋಟದವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಫಸಲು ನಿಮ್ಮದು, ಮಂಡಿ ಅವರದ್ದು. ಪತ್ರಿಕೆ ಕೊಡುವ ದರ ಅದರ ಪ್ರಸಾರ ಸಂಖ್ಯೆಯ ಮೇಲೆ. ಸಣ್ಣ ಊರಿನ ಪತ್ರಿಕೆ ವಾರಕ್ಕೆ ಕೊಡುವುದು ಚಿಲ್ಲರೆ ಡಾಲರ್. ಸಂಖ್ಯೆಯಲ್ಲಿ ಗೆದ್ದರೆ ಮಾತ್ರ ಬದುಕು.

ನಮ್ಮಲ್ಲಿ ಅನೇಕರು ‘ಸುಧಾ’ದಲ್ಲಿ ಕನ್ನಡದಲ್ಲಿ ಓದಿದ ಫ್ಯಾಂಟಮ್ ಇಂಥದ್ದೇ ಸರಕು. ಲೀ ಫಾಕ್ 1936ರಲ್ಲಿ ಶುರು ಮಾಡಿದ್ದು, ಹಂಚಿದ್ದು ಕಿಂಗ್ ಫೀಚರ್ಸ್.

ಈ ಕಸುಬಿನ ಇಡೀ ಆಯಸ್ಸು ನೋಡಬೇಕಾದರೆ ಚಾರ್ಲ್ಸ್ ಷುಲ್ಟ್ಸ್ ಅವರದ್ದು ನೋಡಿ. 1947ರಿಂದ ಸೇಂಟ್ ಪಾಲ್ ಊರಿನ ಪತ್ರಿಕೆಗೆ ವಾರಕ್ಕೊಮ್ಮೆ ‘ಲಿಲ್ ಫೋಕ್ಸ್’ ಬರೆಯುತ್ತಿದ್ದರು. ಅಲ್ಲಿ ನಿಂತಿತು. ಆಮೇಲೆ ಯುನೈಟೆಡ್ ಫೀಚರ್ ಸಿಂಡಿಕೇಟ್ ತೆಗೆದುಕೊಂಡು 1950ರ ಅಕ್ಟೋಬರ್ 2ರಂದು ಏಳೇ ಏಳು ಪತ್ರಿಕೆಗಳಲ್ಲಿ ಶುರು ಮಾಡಿತು. ‘ಪೀನಟ್ಸ್’ ಅನ್ನೋ ಹೆಸರು ಇಟ್ಟದ್ದು ಸಿಂಡಿಕೇಟ್. ಷುಲ್ಟ್ಸ್‌ಗೆ ಅದು ಕೊನೆವರೆಗೂ ಹಿಡಿಸಲಿಲ್ಲ, ಆದರೆ ಬದಲಿಸುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಒಟ್ಟು 17,897 ಸ್ಟ್ರಿಪ್, ಗೆರೆ, ಶಾಯಿ, ಅಕ್ಷರ ಎಲ್ಲ ಅವರದ್ದೇ, ಸಹಾಯಕರಿಲ್ಲ. ಸರಿಯಾದ ರಜೆ ಅಂತ ಸಿಕ್ಕಿದ್ದು 1997ರ ಕೊನೆಯಲ್ಲಿ ಐದು ವಾರ. ದಿನದ ಸ್ಟ್ರಿಪ್‌ಗಳಲ್ಲಿ ಕೊನೆಯದು 2000ದ ಜನವರಿ 3ರಂದು ಬಂತು, ಕೊನೆಯ ಭಾನುವಾರದ್ದು ಫೆಬ್ರವರಿ 13ರಂದು. ಅವರು ತೀರಿಕೊಂಡದ್ದು 12ರ ರಾತ್ರಿ. ಇದನ್ನು ಪವಾಡ ಅಂತ ಹೇಳೋರಿದ್ದಾರೆ. ಆದರೆ ಭಾನುವಾರದ ಬಣ್ಣದ ಪುಟ ಸುಮಾರು ಎಂಟು ವಾರ ಮುಂಚೆಯೇ ಸಿಂಡಿಕೇಟ್ ಕೈ ಸೇರಿರಬೇಕು ಅನ್ನುವುದು ಈ ಕಸುಬಿನ ನಿಯಮ. ದಿನದ ಸ್ಟ್ರಿಪ್‌ಗೆ ನಾಲ್ಕರಿಂದ ಆರು ವಾರ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಸಿಂಡಿಕೇಟ್ ಸ್ಟ್ರಿಪ್‌ನಲ್ಲಿ ಸುದ್ದಿ ಇರುವಂತಿಲ್ಲ. ಇವತ್ತಿನ ರಾಜೀನಾಮೆ ಆರು ವಾರ ಬಿಟ್ಟು ಹಳಸಲು. ಆನೆ, ಅತ್ತೆ, ರೈಟರ್ ಇರುವ ನಿಮ್ಮ ಸ್ಟ್ರಿಪ್ ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ರಾಜಕೀಯ ವ್ಯಂಗ್ಯಚಿತ್ರವನ್ನು ಹಲವು ಕಡೆ ಕೊಡುವವರೂ ಇದ್ದಾರೆ, ಮುಂಬೈಯ ಪತ್ರಿಕೆ ಬಿಟ್ಟು ಕುಂದಾಪುರಕ್ಕೆ ಮರಳಿ ಅಲ್ಲಿಂದಲೇ ಕೆಲಸ ಮಾಡುವ ಸತೀಶ್ ಆಚಾರ್ಯರ ಹಾಗೆ. ಅದಕ್ಕೆ ಬೇಕಾದದ್ದು ದಾಸ್ತಾನಲ್ಲ, ದಿನದ ವೇಗ. ಮಳೆಗಾಲದಲ್ಲಿ ನೆಟ್ ಇಲ್ಲದ ಊರಿಗೆ ದಾಸ್ತಾನು ಇಡಬಹುದಾದ ಸ್ಟ್ರಿಪ್ಪೇ ವಾಸಿ.

ಇನ್ನೊಂದು. ಬಿಲ್ ವಾಟರ್ಸನ್ ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಅನ್ನು 1985ರ ನವೆಂಬರ್ 18ಕ್ಕೆ ಶುರು ಮಾಡಿ ಹತ್ತು ವರ್ಷಕ್ಕೇ, 1995ರ ಡಿಸೆಂಬರ್ 31ಕ್ಕೆ ನಿಲ್ಲಿಸಿದರು. ನಡುವೆ ಎರಡು ಸಲ ತಲಾ ಒಂಬತ್ತು ತಿಂಗಳ ಬಿಡುವು. ಬೊಂಬೆ, ಟೀಶರ್ಟ್ ಯಾವುದಕ್ಕೂ ಒಪ್ಪಲಿಲ್ಲ, ಆದರೆ ಮೊದಲ ಕರಾರಿನಲ್ಲಿ ಆ ಹಕ್ಕು ಸಿಂಡಿಕೇಟ್‌ಗೇ ಹೋಗಿತ್ತು. ಅದನ್ನು ವಾಪಸ್ ಪಡೆಯುವ ಜಗಳ ವರ್ಷಗಟ್ಟಲೆ ನಡೆಯಿತು. ಸಹಿ ಹಾಕುವ ಮುಂಚೆ ಒಂದು ಗಂಟೆ ಓದಿದ್ದರೆ ತಪ್ಪುತ್ತಿತ್ತೇ ಅಂದರೆ ಅದೂ ಇಲ್ಲ. ಹೊಸಬನಿಗೆ ಆಗ ಬೇರೆ ಕರಾರು ಕೊಡುವವರೇ ವಿರಳ. 1987ರಲ್ಲಿ ಬಂದ ಕ್ರಿಯೇಟರ್ಸ್ ಸಿಂಡಿಕೇಟ್, ಹಕ್ಕು ಬರೆದವನಲ್ಲೇ ಇರಲಿ ಅನ್ನುವ ಪಟ್ಟು ಹಿಡಿದ ಮೇಲೆ ಗಾಳಿ ಸ್ವಲ್ಪ ತಿರುಗಿತು.

ಡೆಸ್ಕ್ ಮೂಲೆ:

ಮೇಲಿನವರು ಹೇಳಿದ್ದು ಅಮೆರಿಕದ ಲೆಕ್ಕ. ಕನ್ನಡ ದಿನಪತ್ರಿಕೆಗಳಿಗೆ ಸ್ಟ್ರಿಪ್ ಮಾರುವ ಏಜೆನ್ಸಿ ಹುಡುಕುತ್ತಾ ಕೂರಬೇಡಿ, ನೀವೇ ಸಿಂಡಿಕೇಟ್ ಆಗಬೇಕು. ಅದಕ್ಕೆ ಪತ್ರಿಕೆಗಳ ಭೂಪಟ ಗೊತ್ತಿರಬೇಕು.

ಅಲ್ಲಿನ ಸಿಂಡಿಕೇಟ್‌ಗಳು ಒಂದು ಊರಿನಲ್ಲಿ ಒಂದೇ ಪತ್ರಿಕೆಗೆ ಒಂದು ಸ್ಟ್ರಿಪ್ ಮಾರುತ್ತವೆ, ಪಕ್ಕದ ಪತ್ರಿಕೆಗೆ ಕೊಡೋದಿಲ್ಲ ಅಂತ ಬರೆದುಕೊಡುತ್ತವೆ. ನಮ್ಮ ರಾಜ್ಯಮಟ್ಟದ ಪತ್ರಿಕೆಗಳೆಲ್ಲ ಒಂದರ ಮೇಲೊಂದು ಹಾಸಿಕೊಂಡಿವೆ. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರು ಕೇಳೋದೇ ಇಲ್ಲ. ಜಿಲ್ಲಾ ಪತ್ರಿಕೆಗಳ ಕಥೆ ಬೇರೆ. ಮಡಿಕೇರಿಯ ‘ಶಕ್ತಿ’, ಮೈಸೂರಿನ ‘ಮೈಸೂರು ಮಿತ್ರ’, ದಾವಣಗೆರೆಯ ‘ಜನತಾವಾಣಿ’ ಇಂಥವುಗಳ ಓದುಗ ವಲಯ ಬೇರೆ ಬೇರೆ. ಇವರೇ ಕೊಳ್ಳುತ್ತಾರೆ ಅಂತ ನಾನು ಹೇಳ್ತಿಲ್ಲ, ಹೆಸರು ಉದಾಹರಣೆಗೆ ಮಾತ್ರ. ಹೀಗೆ ಒಂದಕ್ಕೊಂದು ತಾಗದ ಪತ್ರಿಕೆಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ "ನಿಮ್ಮ ಜಿಲ್ಲೆಯಲ್ಲಿ ಬೇರೆ ದಿನಪತ್ರಿಕೆಗೆ ಕೊಡುವುದಿಲ್ಲ" ಅಂತ ಒಂದು ಸಾಲು ಬರೆದುಕೊಡಿ. ಎರಡು ಪತ್ರಿಕೆಗೆ ಕೊಡೋದು ತಪ್ಪಲ್ಲ. ಹೇಳದೆ ಕೊಡೋದು ತಪ್ಪು.

ಏನು ಕಳಿಸಬೇಕು ಅಂದರೆ, ಅಮೆರಿಕದ ಸಿಂಡಿಕೇಟ್‌ಗೆ ಕನಿಷ್ಠ 24 ದಿನದ ಸ್ಟ್ರಿಪ್, ಪಾತ್ರಗಳ ಪರಿಚಯದ ಒಂದು ಹಾಳೆ, ಒಂದು ಪುಟದ ಪತ್ರ. ಮೂಲಚಿತ್ರ ಯಾವತ್ತೂ ಕಳಿಸಬಾರದು. ನಮ್ಮ ಕಡೆಗೆ 18 ಸಾಕು, ವಾರಕ್ಕೆ ಆರರಂತೆ ಮೂರು ವಾರದ್ದು. ಮೊದಲ ಆರು ಯಾರು ಬೇಕಾದರೂ ಚೆನ್ನಾಗಿ ಮಾಡ್ತಾರೆ. ಸಂಪಾದಕರು ನೋಡೋದು ಹನ್ನೆರಡನೆಯದರಿಂದ ಆಚೆ, ಹಾಸ್ಯ ಬತ್ತಿತೋ ಇದೆಯೋ ಅಂತ. ಪಾತ್ರ ಪರಿಚಯದ ಹಾಳೆಯಲ್ಲಿ ಪುರಾಣ ಬೇಡ, ಒಬ್ಬೊಬ್ಬರಿಗೆ ಎರಡು ಸಾಲು.

ಕೆಡೋದು ಎಲ್ಲಿ ಅಂತ ಹೇಳ್ತೀನಿ. ಹಬ್ಬದ ಮುಂಚಿನ ದಿನಗಳಲ್ಲಿ ಜಾಹೀರಾತು ಜಾಸ್ತಿ, ಮೊದಲು ಹಾರೋದು ಸ್ಟ್ರಿಪ್. ಮುಂದುವರಿಯುವ ಕಥೆ ಇದ್ದರೆ ಒಂದು ದಿನ ತಪ್ಪಿದರೂ ಓದುಗನಿಗೆ ತಲೆಬುಡ ಗೊತ್ತಾಗಲ್ಲ. ಆದ್ದರಿಂದ ಒಂದೊಂದೂ ಸ್ವತಂತ್ರವಾಗಿರಲಿ. ಒಂದು ಪತ್ರಿಕೆಗೆ ವಾರದ ರಜೆ ಇರುತ್ತೆ, ಇನ್ನೊಂದಕ್ಕೆ ಇರಲ್ಲ. ಹಬ್ಬದ ಮರುದಿನ ಕೆಲವು ಬರೋದಿಲ್ಲ. ದಿನಾಂಕ ಹಾಕಿ ಕಳಿಸಿದರೆ ಎರಡೇ ತಿಂಗಳಲ್ಲಿ ಯಾವ ಪತ್ರಿಕೆ ಎಲ್ಲಿದೆ ಅಂತ ನಿಮಗೇ ತಿಳಿಯಲ್ಲ. ಕ್ರಮಸಂಖ್ಯೆ ಹಾಕಿ: 0001, 0002. ಹಬ್ಬದ ಸ್ಟ್ರಿಪ್‌ಗಳಿಗೆ ಮಾತ್ರ ಬೇರೆ ಸರಣಿ, ‘ಹ-01’ ಅಂತ, ಇಂಥ ದಿನವೇ ಬಳಸಿ ಎಂಬ ಟಿಪ್ಪಣಿಯೊಂದಿಗೆ.

ಹಬ್ಬದಲ್ಲೂ ನೋಡಿಕೊಂಡು ಬರೆಯಿರಿ. ತುಲಾ ಸಂಕ್ರಮಣ (ತಲಕಾವೇರಿಯ ತೀರ್ಥೋದ್ಭವ) ಅಕ್ಟೋಬರ್ 17ರ ಆಸುಪಾಸು ಅಂತ ಮೊದಲೇ ಗೊತ್ತು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಸೆಪ್ಟೆಂಬರ್ ಮೊದಲ ವಾರ. ಹೊಸ ಭತ್ತದ ಕೊಯ್ಲಿನ ಹಬ್ಬ ಪುತ್ತರಿಯ ದಿನ ಮಾತ್ರ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗಬೇಕು. ಆರು ವಾರ ಮುಂಚೆ ದಿನ ನಂಬಿ ಬರೆದರೆ ಪೊಲಿಪೊಲಿ ದೇವಾ ಅನ್ನೋ ಸ್ಟ್ರಿಪ್ ಕದಿರು ತೆಗೆದು ನಾಲ್ಕು ದಿನ ಆದ ಮೇಲೆ ಬರುತ್ತೆ!

ಇನ್ನು ಸರಕು, ಅಂದರೆ ಹಾಸ್ಯದ ವಿಷಯ. ಕೊಡಗಿನವರು ಮಳೆಯನ್ನು ಇಂಚಿನಲ್ಲಿ ಮಾತಾಡೋರು, ಯಾರ ತೋಟಕ್ಕೆ ಎಷ್ಟು ಇಂಚು ಅನ್ನೋದೇ ಒಂದು ಜಗಳ. ಮಡಿಕೇರಿಯಲ್ಲಿ ನಗು ಬರುತ್ತೆ, ದಾವಣಗೆರೆಯಲ್ಲಿ ಏನೂ ಆಗಲ್ಲ. ಅತ್ತೆ ಎಲ್ಲ ಕಡೆ ನಡೀತಾಳೆ. ವಾರದ ಆರರಲ್ಲಿ ಒಂದು ಪಕ್ಕಾ ಊರಿನದ್ದು ಇರಲಿ, ಸ್ಟ್ರಿಪ್‌ಗೆ ವಿಳಾಸ ಬೇಕಲ್ಲ. ಉಳಿದ ಐದು ತೋಟ ನೋಡದವರಿಗೂ ತಾಗಬೇಕು. ‘ರೈಟರ್’ ಅಂದರೆ ಹೊರಗಿನವರು ಸಾಹಿತಿ ಅಂದುಕೊಳ್ತಾರೆ. ಮೊದಲ ವಾರದಲ್ಲೇ ಅವನು ಮಸ್ಟರ್ ಪುಸ್ತಕ ಹಿಡಿದು ಆಳುಗಳ ಹಾಜರಿ ಹಾಕೋದನ್ನ ತೋರಿಸಿ, ಸಮಸ್ಯೆ ಮುಗೀತು.

ಪ್ರೀಪ್ರೆಸ್ ಮಡಿಕೇರಿ:

ಅಳತೆ ಬಗ್ಗೆ. ಕಾಲಂ ಅಗಲ ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ನೀವು ಗುರಿ ಇಟ್ಟಿರೋ ಪತ್ರಿಕೆಗಳನ್ನೆಲ್ಲ ತಂದು ಸ್ಕೇಲ್ ಇಟ್ಟು ಅಳೆಯಿರಿ. ಎಲ್ಲಕ್ಕಿಂತ ಚಿಕ್ಕ ಜಾಗಕ್ಕೆ ಓದಲು ಬರುವ ಹಾಗೆ ಬರೆದರೆ ದೊಡ್ಡದರಲ್ಲಿ ತಾನಾಗಿ ಬರುತ್ತೆ, ಉಲ್ಟಾ ಆಗಲ್ಲ. ಅಚ್ಚಾಗುವ ಅಳತೆಯ ಎರಡರಷ್ಟು ಬರೆಯೋದು ರೂಢಿ. ಅಚ್ಚಿನಲ್ಲಿ 6.5 ಇಂಚು ಅಗಲ, 2.25 ಇಂಚು ಎತ್ತರ ಅಂದರೆ ಕಾಗದದ ಮೇಲೆ 13 ಬೈ 4.5.

ಎರಡರಷ್ಟು ಬರೆದಾಗ ಗೆರೆಯೂ ಅರ್ಧ ಆಗುತ್ತೆ, ಇದನ್ನ ಮರೆಯೋರೇ ಹೆಚ್ಚು. 0.3 ಮಿಲಿಮೀಟರ್ ಪೆನ್ನಿನ ಗೆರೆ ಅಚ್ಚಿಗೆ 0.15 ಆಗಿ ಬರುತ್ತೆ, ನ್ಯೂಸ್‌ಪ್ರಿಂಟ್ ಮೇಲೆ ಅಲ್ಲಲ್ಲಿ ತುಂಡು. ಅತಿ ಸಣ್ಣ ಗೆರೆಗೂ 0.5ರ ಪೆನ್ ಬಳಸಿ. ಒತ್ತಾದ ಅಡ್ಡಗೆರೆಗಳಿಂದ ನೆರಳು ಹಾಕೋದು ಚಂದ ಕಾಣುತ್ತೆ, ಆದರೆ ಗೆರೆಗಳ ನಡುವೆ ಕಾಗದದ ಮೇಲೆ ಒಂದು ಮಿಲಿಮೀಟರ್ ಬಿಡದಿದ್ದರೆ ಶಾಯಿ ಹರಡಿ ಇಡೀ ಜಾಗ ಕಪ್ಪು ಮುದ್ದೆ. ಆನೆ ಮೈಗೆ ಹೀಗೆ ಗೆರೆ ತುಂಬೋ ಆಸೆ ಬರುತ್ತೆ ನೋಡಿ, ಬೇಡ. ಬೂದು ಬಣ್ಣ ಬೇಕಿದ್ದರೆ ಶೇ. 20ರಿಂದ 30ರ ಒಂದೇ ಟೋನ್ ಹಾಕಿ. ಶೇ. 50 ಹಾಕಿದರೆ ಚುಕ್ಕೆ ಹಿಗ್ಗಿ ಶೇ. 75ರ ಹಾಗೆ ಕಾಣುತ್ತೆ.

ಸ್ಕ್ಯಾನ್ 600 ಡಿಪಿಐಗೆ, ಗ್ರೇಸ್ಕೇಲ್‌ನಲ್ಲಿ. ಆಮೇಲೆ ಲೆವೆಲ್ಸ್ ಸರಿ ಮಾಡಿ, ಬರೀ ಕಪ್ಪು ಬಿಳುಪಿನ ಬಿಟ್‌ಮ್ಯಾಪ್ ಮಾಡಿ ಟಿಫ್ ಆಗಿ ಉಳಿಸಿ. 13 ಬೈ 4.5 ಇಂಚಿಗೆ 7800 ಬೈ 2700 ಪಿಕ್ಸೆಲ್. ಒತ್ತದೆ ಇಟ್ಟರೆ 2.6 ಎಂಬಿ. ಗ್ರೂಪ್ 4 ಕಂಪ್ರೆಶನ್ ಹಾಕಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಇಳಿಯುತ್ತೆ, ಗುಣಮಟ್ಟ ಒಂದು ಚೂರೂ ಹೋಗಲ್ಲ. ಮಳೆಗಾಲದ ನೆಟ್‌ಗೆ ಇದೇ ಸರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಸಿ ಗೆರೆ ಸುತ್ತ ಮಸಿ ಹಿಡಿದ ಹಾಗೆ ಮಾಡುತ್ತೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಬಣ್ಣದ ಪುರವಣಿಗೆ ಕೊಡುವಾಗ ಗೆರೆ ಮತ್ತು ಅಕ್ಷರ ಕಪ್ಪು ಒಂದೇ ಪ್ಲೇಟ್‌ನಲ್ಲಿರಬೇಕು. ಆರ್‌ಜಿಬಿಯಿಂದ (ಪರದೆಯ ಬಣ್ಣ) ನೇರ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿ) ಬದಲಿಸಿದರೆ ಕಪ್ಪು ನಾಲ್ಕೂ ಬಣ್ಣದಲ್ಲಿ ಒಡೆಯುತ್ತೆ. ಮಷಿನ್‌ನಲ್ಲಿ ರಿಜಿಸ್ಟರ್ (ಬಣ್ಣದ ಮೇಲೆ ಬಣ್ಣ ಕೂರುವ ಹೊಂದಿಕೆ) ಕೂದಲೆಳೆ ಜಾರಿದರೂ ಅಕ್ಷರಕ್ಕೆ ಕೆಂಪು ನೀಲಿ ನೆರಳು. ನಾಲ್ಕೂ ಬಣ್ಣ ಸೇರಿ ಒಟ್ಟು ಶಾಯಿ ಶೇ. 240 ದಾಟದಿರಲಿ, ಇಲ್ಲದಿದ್ದರೆ ಹಿಂದಿನ ಪುಟಕ್ಕೆ ಇಳಿಯುತ್ತೆ.

ಕೈಬರಹದ ಕನ್ನಡ ಅಕ್ಷರ ಬಗ್ಗೆ ಒಂದು ವಿಶೇಷ ಮಾತು. ಇಂಗ್ಲಿಷ್ ಸ್ಟ್ರಿಪ್ ನೋಡಿ ಮಾತಿನ ಗುಳ್ಳೆ ಅಳತೆ ಕಲಿತರೆ ಕೆಡ್ತೀರಿ. ಅವರು ಎಲ್ಲ ದೊಡ್ಡಕ್ಷರದಲ್ಲಿ ಬರೀತಾರೆ, ಕೆಳಗೆ ಇಳಿಯೋದು ಏನೂ ಇಲ್ಲ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’, ‘ಲಕ್ಷ್ಮಿ’ ಅಂದರೆ ಎರಡು ಒತ್ತು. ಮೂಲದಲ್ಲಿ ಅಕ್ಷರದ ಮೈ 4 ಮಿಲಿಮೀಟರ್ ಇದ್ದರೆ ಸಾಲಿನಿಂದ ಸಾಲಿಗೆ 9 ಮಿಲಿಮೀಟರ್ ಬೇಕು. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಅಂಟುತ್ತೆ. ಆದ್ದರಿಂದ ಒಂದು ಚೌಕಕ್ಕೆ ಏಳೆಂಟು ಪದ, ಅದರ ಮೇಲೆ ಬೇಡ. ಚಿತ್ರಕ್ಕೆ ಮುಂಚೆ ಅಕ್ಷರ ಬರೆಯಿರಿ. ಉಳಿದ ಜಾಗದಲ್ಲಿ ಚಿತ್ರ ಹೊಂದಿಸಬಹುದು, ಉಳಿದ ಜಾಗದಲ್ಲಿ ಮಾತು ಹೊಂದಿಸೋಕೆ ಆಗಲ್ಲ.

ಮುಂದೆ ಮಲಯಾಳಂ, ಇಂಗ್ಲಿಷ್‌ಗೆ ಕೊಡುವ ಯೋಚನೆ ಇದ್ದರೆ ಅಕ್ಷರವನ್ನು ಬೇರೆ ಹಾಳೆಯಲ್ಲಿ ಬರೆದು ಬೇರೆ ಲೇಯರ್ ಆಗಿ ಇಟ್ಟುಕೊಳ್ಳಿ, ಗುಳ್ಳೆಯಲ್ಲಿ ಕಾಲು ಭಾಗ ಖಾಲಿ ಬಿಡಿ. ಕಂಪ್ಯೂಟರ್ ಫಾಂಟ್ ಬಳಸಿದರೆ ಕಳಿಸುವ ಮುಂಚೆ ಔಟ್‌ಲೈನ್ (ಅಕ್ಷರವನ್ನು ಚಿತ್ರದ ಗೆರೆಯಾಗಿ) ಮಾಡಲೇಬೇಕು. ನಿಮ್ಮದು ಯೂನಿಕೋಡ್, ಅವರದ್ದು ಹಳೇ ‘ನುಡಿ’ ಫಾಂಟ್ ಅಂದರೆ ಆ ಕಡೆ ತೆರೆಯುವುದು ಬರೀ ಕಸ.

ಹೆಸರು ಮತ್ತು ಕ್ರಮಸಂಖ್ಯೆಯನ್ನು ಚೌಕದ ಒಳಗೆ ಬರೆಯಿರಿ. ಹೊರಗಿದ್ದರೆ ಪುಟ ಕಟ್ಟುವವರು ಕತ್ತರಿಸ್ತಾರೆ. ದುರುದ್ದೇಶ ಏನಿಲ್ಲ, ಜಾಗ ಸಾಲಲ್ಲ ಅಷ್ಟೆ.

ಕರಾರು ನೋಡುವವ:

ಹಕ್ಕಿನ ಪ್ರಶ್ನೆಗೆ ಉತ್ತರ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸ್ಪಷ್ಟವಾಗಿಯೇ ಇದೆ. ಪತ್ರಿಕೆಯ ಉದ್ಯೋಗಿಯಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದ್ದು, ಉಳಿದದ್ದು ಬರೆದವರದ್ದು. ಇದು 17ನೇ ಕಲಂ. ನೀವು ಉದ್ಯೋಗಿಯಲ್ಲ, ನಿಮ್ಮದೇ ಯೋಚನೆಯ ಸ್ಟ್ರಿಪ್ ಅನ್ನು ಹೊರಗಿನಿಂದ ಕೊಡುವವರು. ಹಕ್ಕು ನಿಮ್ಮದೇ, ನೀವೇ ಬರೆದು ಕೊಟ್ಟರೆ ಮಾತ್ರ ಹೋಗುತ್ತದೆ.

ಹೋಗುವ ಬಗೆ 19ನೇ ಕಲಮಿನಲ್ಲಿದೆ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಸಂಭಾವನೆ ಎಂದು ಹೇಳಿರಬೇಕು. ಕಾಲ ನಮೂದಿಸದಿದ್ದರೆ ಐದು ವರ್ಷ ಎಂದು ಭಾವಿಸಲಾಗುತ್ತದೆ. ಪ್ರದೇಶ ಹೇಳದಿದ್ದರೆ ಇಡೀ ಭಾರತ. ಇಲ್ಲೇ ಎಡವುವುದು. "ನಿಮ್ಮ ಚಿತ್ರಗಳ ಹಕ್ಕನ್ನು ಪತ್ರಿಕೆಗೆ ನೀಡಿರುತ್ತೀರಿ" ಎಂಬ ಒಂದೇ ಸಾಲಿನ ಕಾಗದಕ್ಕೆ ಸಹಿ ಹಾಕಿದರೆ, ದಾವಣಗೆರೆಗೆ ಕೊಡುವ ದಾರಿಯೂ ಮುಚ್ಚಬಹುದು. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದ ಪಕ್ಷದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ ಎಂಬುದೂ ಅದೇ ಕಲಮಿನಲ್ಲಿದೆ.

ನೀವು ಕೊಡಬೇಕಾದದ್ದು ವರ್ಗಾವಣೆಯಲ್ಲ, ಪರವಾನಗಿ. ಅರ್ಧ ಪುಟದ ಕಾಗದ ಸಾಕು: ಇಂತಿಷ್ಟು ಕ್ರಮಸಂಖ್ಯೆಯ ಸ್ಟ್ರಿಪ್‌ಗಳನ್ನು ಒಂದು ಸಲ ಮುದ್ರಿತ ಪತ್ರಿಕೆಯಲ್ಲಿ ಮತ್ತು ಅದರ ಇ-ಪೇಪರ್‌ನಲ್ಲಿ ಪ್ರಕಟಿಸಬಹುದು, ಇಂಥ ಜಿಲ್ಲೆಗೆ ಸೀಮಿತ, ಪುಸ್ತಕ, ಬೊಂಬೆ, ಕ್ಯಾಲೆಂಡರ್, ಅನಿಮೇಶನ್, ಅನುವಾದ ನನ್ನದೇ, ಮಾತು ಬದಲಿಸುವ ಮುಂಚೆ ಕೇಳಬೇಕು, ಯಾರು ನಿಲ್ಲಿಸಿದರೂ 30 ದಿನದ ಮುನ್ಸೂಚನೆ. ಇ-ಪೇಪರ್ ಬೇರೆ, ಅವರ ಫೇಸ್‌ಬುಕ್ ಪುಟ ಬೇರೆ. ಎರಡನೆಯದಕ್ಕೆ ಒಪ್ಪುವಿರಾದರೆ ಹೆಸರಿನ ಸಮೇತ ಎಂದು ಬರೆಯಿರಿ.

ಸ್ಟ್ರಿಪ್‌ನ ಹೆಸರಿಗೆ ಹಕ್ಕುಸ್ವಾಮ್ಯದ ರಕ್ಷಣೆ ಸಿಗುವುದಿಲ್ಲ. ಹೆಸರು ಉಳಿಯಬೇಕಾದರೆ ಟ್ರೇಡ್‌ಮಾರ್ಕ್, ಮುದ್ರಿತ ಸಾಮಗ್ರಿಗೆ 16ನೇ ವರ್ಗ. ಮೊದಲ ವರ್ಷದಲ್ಲೇ ಆ ಖರ್ಚು ಬೇಕೇ ಎಂದರೆ ನನ್ನ ಅಭಿಪ್ರಾಯದಲ್ಲಿ ಬೇಡ. ಚಿತ್ರಗಳ ನೋಂದಣಿಯೂ ಕಡ್ಡಾಯವಲ್ಲ. ಸ್ಕ್ಯಾನ್ ಮಾಡಿದ ದಿನದ ಮೂಲ ಫೈಲು, ಕಳಿಸಿದ ಮಿಂಚಂಚೆ, ಅಚ್ಚಾದ ಪ್ರತಿ ಈ ಮೂರನ್ನು ಜೋಪಾನ ಮಾಡಿ, ಹೆಚ್ಚಿನ ಜಗಳಗಳಿಗೆ ಅಷ್ಟು ಸಾಕು.

ಭಾಗಮಂಡಲ ಬೋರ್ಡು:

ಮಳೆಗಾಲದ ಪ್ರಶ್ನೆ ಎಲ್ಲರೂ ಬಿಟ್ರಲ್ಲ! ಅದು ಲೆಕ್ಕದ ವಿಷಯ. ವಾರಕ್ಕೆ ಆರು ಅಚ್ಚಾಗುತ್ತೆ ಅಂದ್ರೆ ಆರು ವಾರದ ದಾಸ್ತಾನು 36 ಸ್ಟ್ರಿಪ್. ವಾರಕ್ಕೆ ಆರರ ಬದಲು ಏಳು ಬರೆದ್ರೆ ದಾಸ್ತಾನು ತುಂಬೋಕೆ 36 ವಾರ ಬೇಕು. ಅಕ್ಟೋಬರ್ ಮೊದಲನೇ ವಾರ ಶುರು ಮಾಡಿದ್ರೆ ಜೂನ್ ಎರಡನೇ ವಾರಕ್ಕೆ ತುಂಬಿತು, ಮಳೆ ಹಿಡಿಯೋ ಹೊತ್ತಿಗೆ ಸರಿ. ಎಂಟು ಬರೆದ್ರೆ 18 ವಾರ, ಜನವರಿ ಕೊನೆಗೆ ಶುರು ಮಾಡಿದ್ರೂ ಆದೀತು, ಆದ್ರೆ ಕಾಫಿ ಕೊಯ್ಲು ಆಗ. ಏಪ್ರಿಲ್‌ನಲ್ಲಿ ನೆನಪಾದ್ರೆ ಕೈ ಬಿಟ್ಟ ಹಾಗೆ. ಇದನ್ನ ಮೊದಲನೇ ಪತ್ರಿಕೆಯಲ್ಲಿ ಬರೋಕೆ ಮುಂಚೆ ಮಾಡಿದ್ರೆ ಇನ್ನೂ ಉತ್ತಮ, ಬಂದ ಮೇಲೆ ದಾಸ್ತಾನು ಕರಗೋದೇ ಗೊತ್ತಾಗಲ್ಲ.

ಕಳಿಸೋದೂ ಹಾಗೇ. ದಿನಾ ಒಂದೊಂದು ಕಳಿಸಬೇಡಿ. ಮೇ ಕೊನೆಗೆ ಕೈಯಲ್ಲಿರೋ ದಾಸ್ತಾನೆಲ್ಲ ಒಟ್ಟಿಗೆ ಕಳಿಸಿ, ತಲುಪಿದ್ದಕ್ಕೆ ಡೆಸ್ಕಿಂದ ಉತ್ತರ ತರಿಸ್ಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಡಿಕೇರಿ-ಸಂಪಾಜೆ ರಸ್ತೆಯೇ ಇರಲಿಲ್ಲ. ಅಂಥ ಹೊತ್ತಲ್ಲಿ ಪೆನ್‌ಡ್ರೈವ್ ಕೊರಿಯರ್ ಮಾಡ್ತೀನಿ ಅನ್ನೋದು ನಡೆಯಲ್ಲ. ಇನ್ನೊಂದು ಮಾತು, ಮಳೆ ಬಗ್ಗೆ ತಮಾಷೆ ಬರೆದು ದಾಸ್ತಾನು ಹಾಕಿದ್ರೆ ಅಂಥ ವಾರದಲ್ಲಿ ಅದು ಅಚ್ಚಾಗಿ ಜನ ಉಗೀತಾರೆ. ಆಗಸ್ಟ್‌ದರಲ್ಲಿ ಮಳೆ, ಹೊಳೆ, ಗುಡ್ಡ ಯಾವುದೂ ಬೇಡ. ಹತ್ತು ಬಿಡಿ ಸ್ಟ್ರಿಪ್ ಬದಲಿಗೆ ಅಂತ ಡೆಸ್ಕಿನಲ್ಲೇ ಇಟ್ಟಿರಿ, ಫೋನ್ ಸಿಕ್ಕಿದ್ರೆ "ನಾಳೆದು ತೆಗೀರಿ, ಬದಲಿ 03 ಹಾಕಿ" ಅಂದ್ರೆ ಸಾಕು.

ಕಾಗದ 250 ಜಿಎಸ್‌ಎಂಗೆ ಕಡಿಮೆ ಬೇಡ. ತೆಳು ಕಾಗದ ತೇವ ಕುಡಿದು ಅಲೆ ಅಲೆ ಆಗುತ್ತೆ, ಸ್ಕ್ಯಾನರ್ ಗಾಜಿಗೆ ಸಮ ಕೂರಲ್ಲ, ನಡುವೆ ನೆರಳು ಬೀಳುತ್ತೆ. ಒದ್ದೆ ಹವೆಯಲ್ಲಿ ಕಾಗದದ ಮೇಲಿನ ಅಂಟು ಮೆತ್ತಗಾಗಿ ನಿಬ್ಬಿನ ಶಾಯಿ ಬೇರು ಬಿಟ್ಟ ಹಾಗೆ ಹರಡುತ್ತೆ. ಕಾಗದನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಆ ದಿನಕ್ಕೆ ಬೇಕಾದ ಹಾಳೆ ಮಾತ್ರ ತೆಗೀರಿ. ಬಣ್ಣ ಬದಲಾಯಿಸೋ ಜೆಲ್ ತಗೊಂಡ್ರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ಗೊತ್ತಾಗುತ್ತೆ. ಮುಗಿದ ಚಿತ್ರನ ಗೋಡೆಗೆ ಆನಿಸಿದ ಬೀರುವಿನಲ್ಲಿ ಇಟ್ರೆ ಒಂದೇ ಮಳೆಗಾಲಕ್ಕೆ ಬೂಷ್ಟು.

ಶಾಯಿ ಒಣಗೋಕೆ ಜುಲೈನಲ್ಲಿ ಗಂಟೆಗಟ್ಟಲೆ ಹಿಡಿಯುತ್ತೆ. ಬೇಗ ರಬ್ಬರ್ ಹಾಕಿದ್ರೆ ಬಳಿಯುತ್ತೆ. ಅದಕ್ಕೆ ತಿಳಿ ನೀಲಿ ಪೆನ್ಸಿಲ್‌ನಲ್ಲಿ ಕರಡು ಹಾಕಿ, ಅಳಿಸೋದೇ ಬೇಡ. ಸ್ಕ್ಯಾನನ್ನ ಕಲರ್‌ನಲ್ಲಿ ಮಾಡಿ ನೀಲಿ ಚಾನೆಲ್ ಮಾತ್ರ ಇಟ್ಕೊಂಡ್ರೆ ನೀಲಿ ಗೆರೆ ಬಿಳಿಯಾಗಿ ಮಾಯ, ಆಮೇಲೆ ಪ್ರೀಪ್ರೆಸ್ ಅಣ್ಣ ಹೇಳಿದ ಹಾಗೆ ಬಿಟ್‌ಮ್ಯಾಪ್. ವಾಟರ್‌ಪ್ರೂಫ್ ಇಂಡಿಯನ್ ಇಂಕ್‌ನಲ್ಲಿ ಅರಗಿನ ಅಂಶ ಇರುತ್ತೆ, ನಿಬ್ ಮೇಲೆ ಒಣಗಿದ್ರೆ ಸೀಳು ಕಟ್ಟಿಕೊಳ್ಳುತ್ತೆ. ಹತ್ತು ನಿಮಿಷಕ್ಕೊಮ್ಮೆ ನೀರಲ್ಲಿ ಅದ್ದಿ ಒರೆಸಿ. ಅದೇ ಇಂಕ್‌ನ ಫೌಂಟನ್ ಪೆನ್ನಿಗೆ ಹಾಕಿದ್ರೆ ಪೆನ್ ಹಾಳು.

ಪೊನ್ನಂಪೇಟೆ ಪೆನ್ಸಿಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೆಸ್ಕ್ ಸರ್, ದರ ಹೇಗೆ ಕೇಳೋದು? ಬಿಲ್ ಏನಾದರೂ ಕೊಡಬೇಕಾ? ಹೊರದೇಶದ ಸಿಂಡಿಕೇಟ್ ಒಪ್ಪಿದರೆ ತೆರಿಗೆ ಹೇಗೆ?

ಡೆಸ್ಕ್ ಮೂಲೆ:

ಸ್ಟ್ರಿಪ್ ಒಂದಕ್ಕೆ ಇಷ್ಟು ಅಂತ ಕೇಳಬೇಡಿ, ತಿಂಗಳಿಗೆ ಇಷ್ಟು ಅಂತ ಕೇಳಿ. ಒಂದೊಂದರ ಲೆಕ್ಕ ಹಾಕಿದರೆ ಜಾಹೀರಾತಿಗೆ ಹಾರಿಸಿದ ದಿನದ ಹಣ ಕತ್ತರಿ. ತಿಂಗಳ ದರ ಆದರೆ ಅಚ್ಚು ಮಾಡೋದು ಬಿಡೋದು ಅವರ ಇಷ್ಟ, ಸರಕು ನೀವು ಕೊಟ್ಟಾಯ್ತು. ಎಲ್ಲ ಪತ್ರಿಕೆಗೂ ಒಂದೇ ದರ ಇಡಬೇಡಿ, ಪ್ರಸಾರ ನೋಡಿ ಮೂರು ಹಂತ ಮಾಡಿ. ಕಡಿಮೆ ಹಂತದ ಪತ್ರಿಕೆ ಐದು ಸೇರಿ ಕೊಡುವ ಹಣ ನಿಮ್ಮ ಒಂದು ತಿಂಗಳ ಕಾಗದ, ಶಾಯಿ, ನೆಟ್, ಯುಪಿಎಸ್ ಬ್ಯಾಟರಿ ಖರ್ಚು ದಾಟಬೇಕು, ಅದು ಕನಿಷ್ಠ ಗೆರೆ. ಮೊದಲ ತಿಂಗಳು ಪುಕ್ಕಟೆ ಕೊಡ್ತೀನಿ ಅನ್ನೋದು ಪರವಾಗಿಲ್ಲ, ಆದರೆ ಎರಡನೇ ತಿಂಗಳ ದರ ಅದೇ ಪತ್ರದಲ್ಲಿರಲಿ. ಪುಕ್ಕಟೆ ಅಂತ ಶುರುವಾದದ್ದಕ್ಕೆ ಆಮೇಲೆ ಬೆಲೆ ಹುಟ್ಟಲ್ಲ.

ಬಿಲ್ ಕೊಡಿ. ಹೆಸರು, ಪ್ಯಾನ್, ಬ್ಯಾಂಕ್ ವಿವರ, ಸ್ಟ್ರಿಪ್‌ಗಳ ಕ್ರಮಸಂಖ್ಯೆ ಎಷ್ಟರಿಂದ ಎಷ್ಟರ ತನಕ ಅಂತ. ವರ್ಷದ ಸಂಭಾವನೆ ಮಿತಿ ದಾಟಿದರೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ ಹಿಡಿದು ಕೊಡ್ತಾರೆ. ಪ್ಯಾನ್ ಇಲ್ಲ ಅಂದರೆ ಶೇ. 20. ಹಿಡಿದದ್ದು ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಪಟ್ಟಿಯಲ್ಲಿ (26ಎಎಸ್) ಕಾಣಬೇಕು, ಕಾಣದಿದ್ದರೆ ಅದೇ ತ್ರೈಮಾಸಿಕದಲ್ಲಿ ಅಕೌಂಟ್ಸ್‌ಗೆ ಫೋನ್ ಮಾಡಿ. ಮಾರ್ಚ್ ದಾಟಿದ ಮೇಲೆ ಯಾರೂ ಆ ಫೈಲ್ ತೆರೆಯಲ್ಲ.

ಅಮೆರಿಕದ ಸಿಂಡಿಕೇಟ್ ಆದರೆ ನೀವು ಅಮೆರಿಕದವರಲ್ಲ ಅಂತ ತಿಳಿಸುವ ಡಬ್ಲ್ಯೂ-8ಬೆನ್ ಅನ್ನೋ ತೆರಿಗೆ ಫಾರಂ ತುಂಬಿ ಕೊಡಬೇಕು. ಕೊಡದಿದ್ದರೆ ಅಲ್ಲೇ ಶೇ. 30 ಹಿಡಿಯುತ್ತಾರೆ. ಎರಡು ದೇಶದ ತೆರಿಗೆ ಒಪ್ಪಂದದಿಂದ ದರ ಇಳಿಯುತ್ತೆ, ಆದರೆ ಅದನ್ನ ಫಾರಂನಲ್ಲಿ ನೀವೇ ಕೇಳಿಕೊಳ್ಳಬೇಕು. ಅವರಿಗೆ ಕಳಿಸೋ 24ರಲ್ಲಿ ಅತ್ತೆ ಸ್ಟ್ರಿಪ್‌ಗಿಂತ ಆನೆಯದ್ದು ಹೆಚ್ಚಿರಲಿ. ಮಾತಿಲ್ಲದ ಸ್ಟ್ರಿಪ್ ಆರಾದರೂ ಇರಲಿ, ಅನುವಾದದಲ್ಲಿ ಸೋರುವುದು ಮಾತು, ಬೇಲಿ ಮುರಿಯೋದಲ್ಲ.